ಹಳೆಯ ಜಾಝ್ ಪಿಯಾನೊ ನಾದಕ್ಕೆ ಪಿಯಾನೊಟೆಕ್ ಸ್ಟ್ಯಾಂಡರ್ಡ್: ಎಷ್ಟು ಒದಗುತ್ತದೆ, ಎಲ್ಲಿ ಕೈಕೊಡುತ್ತದೆ

1950ರ ದಶಕದ ಜಾಝ್ ರೆಕಾರ್ಡಿಂಗ್‌ಗಳಲ್ಲಿ ಕೇಳುವ ಪಿಯಾನೊ ನಾದವನ್ನು ಕಂಪ್ಯೂಟರಿನಿಂದ ಹೊರಡಿಸಬೇಕು ಎಂದುಕೊಂಡವರು ಮೊದಲು ಹುಡುಕುವುದು ‘ವಿಂಟೇಜ್’ ಎಂಬ ಹೆಸರಿನ ಪ್ರಿಸೆಟ್ (ಮೊದಲೇ ಹೊಂದಿಸಿಟ್ಟ ನಾದ). ಅಂಥವುಗಳಲ್ಲಿ ಬಹುಪಾಲು ಕೊಡುವುದು ಶ್ರುತಿ ಕೆಟ್ಟ ಒಂದು ಪಿಯಾನೊ, ಅದರ ಮೇಲೆ ಗೀರು ಬಿದ್ದ ಗ್ರಾಮಫೋನ್ ತಟ್ಟೆಯ ಚರಚರ ಸದ್ದು. ಕ್ಲಬ್ಬುಗಳ ಪಿಯಾನೊ ಹೇಗೇ ಇದ್ದಿರಲಿ, ಆ ಕಾಲದ ದೊಡ್ಡ ಸ್ಟುಡಿಯೊಗಳಲ್ಲಿದ್ದದ್ದು ಶ್ರುತಿ ಕೂಡಿಸಿ ಇಟ್ಟ ಒಳ್ಳೆಯ ವಾದ್ಯಗಳು. ಆ ನಾದಕ್ಕೆ ಅದರ ಗುಣ ಬಂದದ್ದು ವಾದ್ಯ ಮುದಿಯಾಗಿದ್ದರಿಂದ ಅಲ್ಲ, ಅದನ್ನು ಹಿಡಿದಿಟ್ಟ ದಾರಿ ಕಿರಿದಾಗಿದ್ದರಿಂದ. ಪಿಯಾನೊಗೆ ಒಂದೇ ಮೈಕ್, ಕೊನೆಗೆ ಒಂದೇ ಚಾನೆಲ್ (ಮೊನೊ), ಕೈಯಳತೆಯಲ್ಲೇ ಡ್ರಮ್ಸ್, ಆಮೇಲೆ ವಾಲ್ವ್ (ನಿರ್ವಾತ ಕೊಳವೆಯ) ಉಪಕರಣ ಮತ್ತು ಟೇಪು. ಮೈಕ್ ಎಲ್ಲಿಡಬೇಕು ಎಂಬ ತೀರ್ಮಾನವನ್ನು ನಮ್ಮ ಕೈಗೇ ಕೊಡುವುದರಿಂದ ಈ ಕೆಲಸಕ್ಕೆ ಪಿಯಾನೊಟೆಕ್ ಸ್ಟ್ಯಾಂಡರ್ಡ್ ಎಂಬ ತಂತ್ರಾಂಶ ನನ್ನ ಮೊದಲ ಆಯ್ಕೆ. ಅದರಲ್ಲಿ ಕೊರತೆಗಳಿವೆ, ಅವನ್ನೂ ಹೇಳುತ್ತೇನೆ.

ಪಿಯಾನೊಟೆಕ್ ಫ್ರಾನ್ಸಿನ ತುಲೂಸ್‌ನ ಮೊಡಾರ್ಟ್ ಕಂಪನಿಯ ತಂತ್ರಾಂಶ. ಮೊದಲ ಆವೃತ್ತಿ ಬಂದದ್ದು 2006ರಲ್ಲಿ. ಇದನ್ನು ರೂಪಿಸಿದ ಫಿಲಿಪ್ ಗಿಯೋಮ್ ಗಣಿತಜ್ಞರು, ಅದಕ್ಕೂ ಮೊದಲು ಪಿಯಾನೊ ಶ್ರುತಿ ಮಾಡುವ ಕೆಲಸದಲ್ಲಿದ್ದವರು. ಇದರಲ್ಲಿ ಮೊದಲೇ ಧ್ವನಿಮುದ್ರಿಸಿಟ್ಟ ಸ್ವರಗಳಿಲ್ಲ. ಹ್ಯಾಮರ್ ತಂತಿಗೆ ಬಡಿಯುವುದು, ತಂತಿ ಸೌಂಡ್‌ಬೋರ್ಡನ್ನು (ತಂತಿಗಳ ಕೆಳಗಿನ ಮರದ ಹಲಗೆಯನ್ನು) ನಡುಗಿಸುವುದು, ಒತ್ತದ ತಂತಿಗಳು ತಾವಾಗಿ ಮಿಡಿಯುವುದು, ಇವೆಲ್ಲ ಕೀ ಒತ್ತಿದ ಆ ಕ್ಷಣದಲ್ಲೇ ಲೆಕ್ಕವಾಗಿ ನಾದವಾಗುತ್ತವೆ. ಹಾಗಾಗಿ ಸ್ಯಾಂಪಲ್ ಮಾಡಿದ, ಅಂದರೆ ಸ್ವರಗಳನ್ನು ಧ್ವನಿಮುದ್ರಿಸಿಟ್ಟ ಪಿಯಾನೊ ಲೈಬ್ರರಿಗಳು ಹತ್ತಾರು ಜಿಬಿ ಜಾಗ ನುಂಗುವಲ್ಲಿ ಇದು ಕೆಲವು ಹತ್ತು ಎಂಬಿಯಲ್ಲಿ ಮುಗಿಯುತ್ತದೆ. ನಮಗೆ ಮುಖ್ಯವಾದದ್ದು ಈ ಜಾಗದ ಉಳಿತಾಯವಲ್ಲ. ಸ್ಯಾಂಪಲ್ ಲೈಬ್ರರಿಯಲ್ಲಿ ಮೈಕ್ ಇಟ್ಟ ಜಾಗ ಶಾಶ್ವತ. ಅದನ್ನು ತಯಾರಿಸಿದವರು ಎರಡು ಮೈಕನ್ನು ಅಗಲವಾಗಿ ಹರಡಿ ಸ್ಟೀರಿಯೊ ಹಿಡಿದಿದ್ದರೆ, ಅದರಿಂದ 1956ರ ಮೊನೊ ನಾದ ತೆಗೆಯಲು ನೀವು ಎಷ್ಟು ಈಕ್ಯೂ (ಆವರ್ತನಗಳನ್ನು ಏರಿಳಿಸುವ ಈಕ್ವಲೈಸರ್) ತಿರುಗಿಸಿದರೂ ಆಗುವುದಿಲ್ಲ.

ಸ್ಟೇಜ್, ಸ್ಟ್ಯಾಂಡರ್ಡ್, ಪ್ರೊ ಎಂದು ಮೂರು ಬಗೆ ಇವೆ. ಸ್ಟೇಜ್‌ನಲ್ಲಿ ಮೈಕ್ ಪರದೆಯೂ ಇಲ್ಲ, ಹ್ಯಾಮರಿನ ಗಡಸುತನ ಬದಲಿಸುವ ಸ್ಲೈಡರುಗಳೂ ಇಲ್ಲ. ನುಡಿಸಲು ಅದು ಚೆನ್ನಾಗಿದೆ, ಈ ಕೆಲಸಕ್ಕೆ ಮಾತ್ರ ನಿರುಪಯೋಗಿ. ಪ್ರೊನಲ್ಲಿ ಒಂದೊಂದು ಕೀಯನ್ನೂ ಬೇರೆ ಬೇರೆಯಾಗಿ ತಿದ್ದಬಹುದು, 192 ಕಿಲೊಹರ್ಟ್ಸ್‌ವರೆಗೆ ಓಡಿಸಬಹುದು. ಮೇಲಿನ ಆವರ್ತನಗಳನ್ನು ತಗ್ಗಿಸುವ ಈ ಕೆಲಸಕ್ಕೆ ಅಷ್ಟು ಬೇಡ. ಸ್ಟ್ಯಾಂಡರ್ಡ್ ಸಾಕು.

ವಾದ್ಯದ ಆಯ್ಕೆಯಲ್ಲಿ ಹೆಚ್ಚು ಯೋಚಿಸುವ ಅಗತ್ಯವಿಲ್ಲ. ನ್ಯೂಯಾರ್ಕ್ ಸ್ಟೈನ್‌ವೇ ಡಿ ಮತ್ತು ಸ್ಟೈನ್‌ವೇ ಬಿ, ಇವೆರಡರಲ್ಲಿ ಒಂದನ್ನು ತೆಗೆದುಕೊಳ್ಳಿ. ಬಿ ಚಿಕ್ಕ ಗ್ರ್ಯಾಂಡ್, ಮಂದ್ರದ ಸದ್ದು ಮಧ್ಯಭಾಗವನ್ನು ಮುಚ್ಚುವುದಿಲ್ಲ, ಬಾಸ್ ವಾದಕ ಜೊತೆಗಿರುವ ಟ್ರಯೊಗೆ (ಮೂವರ ಮೇಳಕ್ಕೆ) ಅದೇ ಒಗ್ಗುತ್ತದೆ. ಹ್ಯಾಂಬರ್ಗ್ ಸ್ಟೈನ್‌ವೇ, ಬೆಕ್‌ಸ್ಟೈನ್, ಬ್ಲೂತ್ನರ್ ಇವೆಲ್ಲ ಸೊಗಸಾದ ಮಾದರಿಗಳು, ಆದರೆ ಕೇಳಿದೊಡನೆ ಯುರೋಪಿನ ಕಛೇರಿ ಸಭಾಂಗಣ ನೆನಪಾಗುತ್ತದೆ. ಉಚಿತವಾಗಿ ಸಿಗುವ ಐತಿಹಾಸಿಕ ಪಿಯಾನೊಗಳ ಸಂಗ್ರಹದತ್ತ ‘ಹಳೆಯದು’ ಎಂಬ ಕಾರಣಕ್ಕೆ ಕೈಚಾಚಬೇಡಿ. ಅವು ಮುಖ್ಯವಾಗಿ ಹದಿನೆಂಟು, ಹತ್ತೊಂಬತ್ತನೇ ಶತಮಾನದ ವಾದ್ಯಗಳು, ಜಾಝ್‌ಗೆ ಸಂಬಂಧವಿಲ್ಲ.

ಹ್ಯಾಕನ್‌ಸ್ಯಾಕ್ ನಾದ

ಮೊದಲು ಎಲ್ಲರೂ ಬೆನ್ನು ಹತ್ತುವ ನಾದವನ್ನೇ ನೋಡೋಣ. ಧ್ವನಿಮುದ್ರಣ ಎಂಜಿನಿಯರ್ ರೂಡಿ ವ್ಯಾನ್ ಗೆಲ್ಡರ್ 1959ರವರೆಗೆ ನ್ಯೂಜೆರ್ಸಿಯ ಹ್ಯಾಕನ್‌ಸ್ಯಾಕ್‌ನಲ್ಲಿ ತಮ್ಮ ತಂದೆತಾಯಿಯ ಮನೆಯ ಹಜಾರದಲ್ಲೇ ಬ್ಲೂ ನೋಟ್, ಪ್ರೆಸ್ಟೀಜ್ ಕಂಪನಿಗಳಿಗೆ ಧ್ವನಿಮುದ್ರಣ ಮಾಡುತ್ತಿದ್ದರು. ಆಮೇಲೆ ಎಂಗಲ್‌ವುಡ್ ಕ್ಲಿಫ್ಸ್‌ನಲ್ಲಿ ಸ್ವಂತ ಸ್ಟುಡಿಯೊ ಕಟ್ಟಿಸಿದರು. ಹೊರೇಸ್ ಸಿಲ್ವರ್, ರೆಡ್ ಗಾರ್ಲಂಡ್ ಅವರ ಪಿಯಾನೊ ನಾವು ಕೇಳುವುದು ಬಹುಮಟ್ಟಿಗೆ ವ್ಯಾನ್ ಗೆಲ್ಡರ್ ಅವರ ಮೈಕಿನ ಮೂಲಕವೇ. ತಮ್ಮ ವಿಧಾನವನ್ನು ಅವರು ಗುಟ್ಟಾಗಿಯೇ ಇಟ್ಟುಕೊಂಡಿದ್ದರಿಂದ ಮೈಕ್ ಇಂತಿಷ್ಟೇ ಇಂಚಿನಲ್ಲಿತ್ತು ಎಂದು ಅಡಿಪಟ್ಟಿ ಹಿಡಿದು ಹೇಳುವವರನ್ನು ನಂಬಬೇಕಿಲ್ಲ. ಕಿವಿ ಹೇಳುವುದಿಷ್ಟು: ಮೈಕ್ ತಂತಿಗಳಿಗೆ ಹತ್ತಿರವಿದೆ, ಮಧ್ಯಸ್ಥಾಯಿ ಉಬ್ಬಿದೆ, ತಾರದ ಮಿಂಚು ಇಲ್ಲ, ಕೋಣೆ ಚಿಕ್ಕದು. ಪೆಟ್ಟಿಗೆಯೊಳಗಿಂದ ಬಂದಂತಿದೆ ಎಂದು ಕೆಲವರು ದೂರುವುದೂ ಇದನ್ನೇ. ಹಿತ್ತಾಳೆ ವಾದ್ಯಗಳ ಪಕ್ಕದಲ್ಲಿ ಪಿಯಾನೊ ತನ್ನ ಜಾಗದಲ್ಲಿ ಕೂರುವುದೂ ಇದರಿಂದಲೇ.

ಪಿಯಾನೊಟೆಕ್‌ನಲ್ಲಿ ಸ್ಟೈನ್‌ವೇ ಬಿ ತೆರೆದು, ಔಟ್‌ಪುಟ್ ಪರದೆಯಲ್ಲಿ ‘ಸೌಂಡ್ ರೆಕಾರ್ಡಿಂಗ್’ ಆರಿಸಿ. ಒಂದು ಮೈಕ್ ಬಿಟ್ಟು ಉಳಿದೆಲ್ಲವನ್ನೂ ಆಫ್ ಮಾಡಿಬಿಡಿ. ಉಳಿದ ಆ ಒಂದನ್ನು ಪಿಯಾನೊ ಒಳಗೆ, ಹ್ಯಾಮರುಗಳಿಂದ ಬಾಲದ (ಪಿಯಾನೊದ ಹಿಂತುದಿಯ) ಕಡೆಗೆ ಸುಮಾರು 40 ಸೆಂಟಿಮೀಟರ್, ತಂತಿಗಳ ಮೇಲೆ 30 ಸೆಂಟಿಮೀಟರ್ ಎತ್ತರದಲ್ಲಿ, ಮಧ್ಯ ಸಿ ತಂತಿಗಳ ನೇರಕ್ಕೆ ಇಡಿ. ಹ್ಯಾಮರುಗಳ ತಲೆಯ ಮೇಲೆಯೇ ಇಟ್ಟರೆ ಫೆಲ್ಟ್ ಬಡಿಯುವ ಟಕಟಕ ಮುಂದಾಗಿ ಸ್ವರ ಹಿಂದಾಗುತ್ತದೆ, ಬಾಲದ ಕಡೆ ತೀರಾ ಹೋದರೆ ಎಡಗೈ ಗುಡುಗುತ್ತದೆ. ಈ ಎರಡರ ನಡುವೆ ಹತ್ತು ಸೆಂಟಿಮೀಟರ್ ಸರಿದಾಡಿಸಿದರೂ ವ್ಯತ್ಯಾಸ ಎದ್ದು ಕೇಳುತ್ತದೆ, ಇಲ್ಲಿ ಸಮಯ ಕೊಡಿ. ಆ ಮೈಕನ್ನು ಎಡ, ಬಲ ಎರಡೂ ಚಾನೆಲ್ಲಿಗೆ ಒಂದೇ ಮಟ್ಟದಲ್ಲಿ ಕಳಿಸಿ. ಮುಚ್ಚಳವನ್ನು ಅರ್ಧಕ್ಕಿಂತ ಕೆಳಗೆ ಇಳಿಸಿ. ಮುಚ್ಚಳ ಇಳಿದಂತೆ ಮೇಲಿನ ಆವರ್ತನಗಳು ಸೊರಗುತ್ತವೆ, ಆ ಪೆಟ್ಟಿಗೆಯ ಗುಣ ಅರ್ಧ ಅಲ್ಲೇ ಬಂದುಬಿಡುತ್ತದೆ.

ಇಲ್ಲಿ ಬಹಳ ಮಂದಿ ಮಾಡುವ ತಪ್ಪೊಂದಿದೆ. ಸ್ಟೀರಿಯೊ ಪ್ರಿಸೆಟ್ಟನ್ನು ಹಾಗೆಯೇ ಇಟ್ಟುಕೊಂಡು ಕೊನೆಯಲ್ಲಿ ಮೊನೊ ಗುಂಡಿ ಒತ್ತುತ್ತಾರೆ. ಎರಡು ಮೈಕಿಗೆ ಒಂದು ತಂತಿಯಿಂದ ಇರುವ ದೂರದಲ್ಲಿ 30 ಸೆಂಟಿಮೀಟರ್ ವ್ಯತ್ಯಾಸವಿದ್ದರೆ ಸದ್ದು ಒಂದಕ್ಕಿಂತ ಇನ್ನೊಂದಕ್ಕೆ ಸುಮಾರು 0.87 ಮಿಲಿಸೆಕೆಂಡ್ ತಡವಾಗಿ ತಲುಪುತ್ತದೆ. ಎರಡನ್ನೂ ಕೂಡಿಸಿದಾಗ 570 ಹರ್ಟ್ಸ್ ಸುತ್ತ ಒಂದು ಹಳ್ಳ, ಅದರ ಮೂರು ಪಟ್ಟಿನಲ್ಲಿ ಇನ್ನೊಂದು, ಐದು ಪಟ್ಟಿನಲ್ಲಿ ಮತ್ತೊಂದು. ಪ್ರತಿ ಕೀಗೂ ಈ ದೂರ ಬೇರೆ, ಹಾಗಾಗಿ ಹಳ್ಳವೂ ಬೇರೆ ಬೇರೆ ಕಡೆ. ಸ್ವರಶ್ರೇಣಿ ನುಡಿಸಿದರೆ ಒಂದು ಸ್ವರ ದಪ್ಪ, ಪಕ್ಕದ್ದು ಟೊಳ್ಳು. ಈಕ್ಯೂನಿಂದ ಇದು ಸರಿಹೋಗುವುದಿಲ್ಲ. ಹೆಡ್‌ಫೋನಿಗೆಂದು ಇರುವ ಬೈನಾರಲ್ ಔಟ್‌ಪುಟ್ಟನ್ನು ಮೊನೊ ಮಾಡುವುದಂತೂ ಬೇಡವೇ ಬೇಡ.

ಇನ್ನು ಹ್ಯಾಮರು. ವಾಯ್ಸಿಂಗ್ ಭಾಗದಲ್ಲಿ ಮೆಲ್ಲಗೆ, ಮಧ್ಯಮ, ಜೋರು ಎಂಬ ಮೂರು ಹಂತಕ್ಕೆ ಬೇರೆ ಬೇರೆ ಗಡಸುತನ ಕೊಡಬಹುದು. ಮಧ್ಯಮವನ್ನು ಪ್ರಿಸೆಟ್ ಅಂಕಿಗಿಂತ 0.1ರಷ್ಟು ಏರಿಸಿ, ಜೋರಿನದ್ದನ್ನು ಅಷ್ಟೇ ಇಳಿಸಿ. ಹಳೆಯ ರೆಕಾರ್ಡಿಂಗಿನಲ್ಲಿ ಮೆಲ್ಲಗೆ ನುಡಿಸಿದ ಸ್ವರಕ್ಕೂ ಒಂದು ಅಂಚಿರುತ್ತದೆ, ಜೋರಾಗಿ ನುಡಿಸಿದ್ದು ಚುಚ್ಚುವುದಿಲ್ಲ. ಟೇಪು ಮತ್ತು ವಾಲ್ವ್ ಮಾಡುತ್ತಿದ್ದದ್ದರಲ್ಲಿ ಒಂದು ಪಾಲನ್ನು ಇಲ್ಲೇ ಮಾಡಿಕೊಂಡರೆ ಮುಂದೆ ಕಂಪ್ರೆಸರ್ (ಜೋರಾದ ಸದ್ದನ್ನು ತಗ್ಗಿಸುವ ಸಾಧನ) ಮೇಲೆ ಭಾರ ಬೀಳುವುದಿಲ್ಲ. ಮೆಲು–ಜೋರಿನ ಅಂತರ ನಿರ್ಧರಿಸುವ ಡೈನಾಮಿಕ್ಸ್ ಸ್ಲೈಡರನ್ನೂ 5–6 ಡೆಸಿಬೆಲ್ ತಗ್ಗಿಸಿ. ಸ್ಪೆಕ್ಟ್ರಮ್ ಪ್ರೊಫೈಲ್‌ನಲ್ಲಿ ಎರಡು, ಮೂರನೇ ಉಪಸ್ವರಗಳಿಗೆ ಒಂದೂವರೆ ಡೆಸಿಬೆಲ್ ಸೇರಿಸಿ, ಆರರಿಂದ ಎಂಟರವರೆಗೆ ಎರಡು ಡೆಸಿಬೆಲ್ ಕಡಿಮೆ ಮಾಡಿ. ಇದಕ್ಕೆಲ್ಲ ಮುಂಚೆ ನಿಮ್ಮ ಕೀಬೋರ್ಡಿಗೆ ವೆಲಾಸಿಟಿ ಕರ್ವ್ (ಕೀ ಒತ್ತುವ ರಭಸಕ್ಕೆ ಸ್ವರ ಎಷ್ಟು ಜೋರು ಎಂಬ ಲೆಕ್ಕ) ಹೊಂದಿಸಿಕೊಂಡಿರಬೇಕು. ಸಾಧಾರಣ ಒತ್ತಿಗೇ ವೆಲಾಸಿಟಿ 100 (ಗರಿಷ್ಠ 127) ದಾಟುವ ಕೀಬೋರ್ಡಿನಲ್ಲಿ ಸದಾ ಜೋರಿನ ಹ್ಯಾಮರೇ ಬಡಿಯುತ್ತಿರುತ್ತದೆ, ಆಮೇಲೆ ‘ನಾದ ಒರಟು’ ಎಂದು ತಂತ್ರಾಂಶವನ್ನು ದೂರುತ್ತೇವೆ.

ಕಂಡಿಷನ್ ಎಂಬ ಸ್ಲೈಡರ್ ನೋಡಿದವರಿಗೆಲ್ಲ ಅದನ್ನು ಎಳೆಯುವ ಆಸೆ. ಅದು ವಾದ್ಯವನ್ನು ಹೊಸದರಿಂದ ಪೂರ್ತಿ ಹಾಳಾದ ಸ್ಥಿತಿಗೆ ಒಯ್ಯುತ್ತದೆ, ಶ್ರುತಿಯೂ ಹ್ಯಾಮರುಗಳೂ ಕೀಯಿಂದ ಕೀಗೆ ಹೇಗೆಂದರೆ ಹಾಗೆ ಬದಲಾಗುತ್ತವೆ. ಹಳೆಯ ಸ್ಟುಡಿಯೊ ನಾದಕ್ಕೆ ಅದನ್ನು ಕೂದಲೆಳೆಯಷ್ಟು ಸರಿಸಿದರೆ ಸಾಕು, ಕಿವಿಗೆ ಗೊತ್ತಾಯಿತು ಎಂದಾದರೆ ಹೆಚ್ಚಾಯಿತು ಎಂದೇ ಲೆಕ್ಕ. ಬೇಕಾದದ್ದು ಯೂನಿಸನ್ ವಿಡ್ತ್. ಮಧ್ಯ ಮತ್ತು ತಾರಸ್ಥಾಯಿಯಲ್ಲಿ ಒಂದು ಸ್ವರಕ್ಕೆ ಮೂರು ತಂತಿ ಇರುತ್ತವಲ್ಲ, ಅವು ಒಂದಕ್ಕೊಂದು ಎಷ್ಟು ಸರಿದಿರಬೇಕು ಎಂಬುದನ್ನು ಅದು ತೀರ್ಮಾನಿಸುತ್ತದೆ. ಸ್ವಲ್ಪ ಹೆಚ್ಚಿಸಿದರೆ ಸ್ವರ ನಿಧಾನವಾಗಿ ಅಲೆಯಾಡುತ್ತದೆ, ನುಡಿಸಿ ನುಡಿಸಿ ಅರ್ಧ ದಿನವಾದ ಪಿಯಾನೊದಂತೆ. ಪರೀಕ್ಷೆ ಸುಲಭ: ಮಧ್ಯ ಸಿಯಿಂದ ಎರಡು ಸ್ಥಾಯಿ ಮೇಲಿನ ಒಂದೇ ಸ್ವರವನ್ನು ಒತ್ತಿ ಹಿಡಿಯಿರಿ. ಸೆಕೆಂಡಿಗೆ ಒಂದು ಅಲೆ ದಾಟಬಾರದು.

ಇಷ್ಟಾದ ಮೇಲೆ ರೆಡ್ ಗಾರ್ಲಂಡ್ ಶೈಲಿಯ ಬ್ಲಾಕ್ ಕಾರ್ಡ್‌ಗಳನ್ನು ನುಡಿಸಿ ನೋಡಿ. ಬಲಗೈಯಲ್ಲಿ ಅಷ್ಟಮ (ಒಂದು ಸ್ಥಾಯಿ ಅಂತರದ ಎರಡು ಸ್ವರ), ಅದರ ನಡುವೆ ಪಂಚಮ, ಎಡಗೈಯಲ್ಲಿ ನಾಲ್ಕು ಸ್ವರ. ಏಳೂ ಸ್ವರ ಒಂದೇ ಗಟ್ಟಿಯಾಗಿ ಕೇಳಿದರೆ, ಮೇಲಿನದು ಗಂಟೆಯಂತೆ ಬೇರೆಯಾಗಿ ನಿಲ್ಲದೆ ಇದ್ದರೆ, ಮೈಕ್ ಸರಿಯಾದ ಜಾಗದಲ್ಲಿದೆ.

ವಾದ್ಯದ ಹೊರಗಿನ ಸರಪಳಿ

ಪಿಯಾನೊಟೆಕ್ ಒಳಗೇ ಈಕ್ಯೂ, ಕಂಪ್ರೆಸರ್, ರಿವರ್ಬ್ (ಅನುರಣನ) ಇವೆ. ಈಕ್ಯೂ ಬಳಸಿಕೊಳ್ಳಿ, ಉಳಿದವನ್ನು ಆಫ್ ಮಾಡಿಡಿ. ವಿಶೇಷವಾಗಿ ರಿವರ್ಬ್: ಬಹುತೇಕ ಪ್ರಿಸೆಟ್ಟುಗಳಲ್ಲಿ ಅದು ಆನ್ ಆಗಿಯೇ ಬರುತ್ತದೆ, ಗಮನಿಸದೆ ಹೊರಗೆ ಇನ್ನೊಂದು ಹಾಕಿದರೆ ಪಿಯಾನೊ ಎರಡು ಕೋಣೆಯಲ್ಲಿ ಒಟ್ಟಿಗೆ ಕೇಳುತ್ತದೆ. ಕ್ರಮ ಹೀಗಿರಲಿ: ಈಕ್ಯೂ, ಟೇಪ್ ಪ್ಲಗಿನ್ (ಟೇಪ್ ಯಂತ್ರವನ್ನು ಅನುಕರಿಸುವ ಸಣ್ಣ ತಂತ್ರಾಂಶ), ಕಂಪ್ರೆಸರ್, ಆಮೇಲೆ ರಿವರ್ಬಿಗೆ ಸೆಂಡ್ (ಸದ್ದಿನ ಒಂದು ಪಾಲನ್ನು ಕಳಿಸುವುದು). ರಿವರ್ಬ್ ಆದಮೇಲೆ ಕಂಪ್ರೆಸ್ ಮಾಡಿದರೆ ಪ್ರತಿ ಸ್ವರದ ಬಾಲ ಉಬ್ಬಿ ಉಬ್ಬಿ ಬರುತ್ತದೆ.

ಈಕ್ಯೂನಲ್ಲಿ 70 ಹರ್ಟ್ಸ್ ಕೆಳಗೆ ಕತ್ತರಿಸಿ, 400 ಹರ್ಟ್ಸ್ ಸುತ್ತ ಅಗಲವಾಗಿ 2–3 ಡೆಸಿಬೆಲ್ ಎತ್ತಿ, 7 ಕಿಲೊಹರ್ಟ್ಸ್ ಮೇಲೆ 4 ಡೆಸಿಬೆಲ್ ಇಳಿಸಿ. ಟೇಪ್ ಪ್ಲಗಿನ್ನಿನಲ್ಲಿ ವೇಗ ಸೆಕೆಂಡಿಗೆ 15 ಇಂಚು ಇಟ್ಟು, ಜೋರಿನ ಕಾರ್ಡ್‌ಗಳ ಶಿಖರ ಎರಡು ಮೂರು ಡೆಸಿಬೆಲ್ ತಗ್ಗುವಷ್ಟು ಒಳಮಟ್ಟ ಏರಿಸಿ. ಒಂಟಿ ಸ್ವರದಲ್ಲೂ ಕರಕರ ಕೇಳಿದರೆ ದಾಟಿದಿರಿ. ಕಂಪ್ರೆಸರ್ 3:1, ಅಟ್ಯಾಕ್ (ಒತ್ತಲು ಹಿಡಿಯುವ ಸಮಯ) 15 ಮಿಲಿಸೆಕೆಂಡ್, ರಿಲೀಸ್ (ಬಿಡಲು ಹಿಡಿಯುವ ಸಮಯ) 150ರ ಆಸುಪಾಸು. ಅಟ್ಯಾಕನ್ನು ಒಂದೆರಡು ಮಿಲಿಸೆಕೆಂಡಿಗೆ ಇಳಿಸಿದರೆ ಹ್ಯಾಮರಿನ ತುದಿ ಮುರಿದು ಪಿಯಾನೊ ಆರ್ಗನ್ನಿನತ್ತ ವಾಲುತ್ತದೆ.

ರಿವರ್ಬ್ ವಿಷಯದಲ್ಲಿ ಇಸವಿ ನೋಡಿಕೊಳ್ಳಬೇಕು. ಎಲ್ಲರೂ ಹಾಕುವ ಪ್ಲೇಟ್, ಅಂದರೆ ಇಎಂಟಿ 140, ಬಂದದ್ದೇ 1957ರಲ್ಲಿ. ಸುಮಾರು ಎರಡು ಮೀಟರ್ ಉದ್ದ, ಒಂದು ಮೀಟರ್ ಎತ್ತರ, ಅರ್ಧ ಮಿಲಿಮೀಟರ್ ದಪ್ಪದ ಉಕ್ಕಿನ ತಗಡು ಅದು. 1954ರ ನಾದ ಕಟ್ಟುತ್ತಿದ್ದರೆ ಪ್ಲೇಟ್ ಬಿಟ್ಟು ಚಿಕ್ಕ ಚೇಂಬರ್ (ಪ್ರತಿಧ್ವನಿ ಕೋಣೆ) ಆರಿಸಿಕೊಳ್ಳಿ. ಎರಡರಲ್ಲಿ ಯಾವುದಾದರೂ ಮೊನೊ ಇರಲಿ, ಒಂದೂವರೆ ಸೆಕೆಂಡ್ ಮೀರದಿರಲಿ, ಸೆಂಡಿನಲ್ಲಿ 200 ಹರ್ಟ್ಸ್ ಕೆಳಗಿನದು ಹೋಗದಿರಲಿ. ಮೊನೊ ಪಿಯಾನೊಗೆ ಅಗಲವಾದ ಸ್ಟೀರಿಯೊ ರಿವರ್ಬ್ ಹಚ್ಚಿದ ಕೂಡಲೇ ಭ್ರಮೆ ಒಡೆಯುತ್ತದೆ.

ಪಿಯಾನೊಟೆಕ್ ಕೊಡಲಾರದ್ದು

ಈ ತಂತ್ರಾಂಶದ ದೊಡ್ಡ ಕೊರತೆ ಅದರ ಒಳಗಿಲ್ಲ. ಅದರ ಪಿಯಾನೊ ಯಾವಾಗಲೂ ಒಂಟಿ, ಕೊರತೆ ಅದೇ. ಹಳೆಯ ರೆಕಾರ್ಡಿಂಗಿನಲ್ಲಿ ಪಿಯಾನೊ ಮೈಕಿಗೆ ಡ್ರಮ್ಸ್ ಸೋರುತ್ತಿತ್ತು, ಡ್ರಮ್ಸ್ ಮೈಕಿಗೆ ಪಿಯಾನೊ ಸೋರುತ್ತಿತ್ತು. ನಾವು ‘ಬೆಚ್ಚಗಿದೆ’ ಎನ್ನುವುದರಲ್ಲಿ ಈ ಸೋರಿಕೆಯ ಪಾಲು ದೊಡ್ಡದು. ಎಷ್ಟೋ ಜನ ಟೇಪ್ ಪ್ಲಗಿನ್ ಮೇಲೆ ಟೇಪ್ ಪ್ಲಗಿನ್ ಪೇರಿಸಿ ಹುಡುಕುತ್ತಿರುವುದು ಇದನ್ನೇ, ಅದು ಅಲ್ಲಿ ಸಿಗುವುದಿಲ್ಲ.

ಕೃತಕವಾಗಿ ಮಾಡಿಕೊಳ್ಳುವ ವಿಧಾನ ಹೀಗೆ. ಡ್ರಮ್ಸ್ ಬಸ್ಸಿನ (ಡ್ರಮ್ಸ್‌ನ ಎಲ್ಲ ಟ್ರ್ಯಾಕ್‌ಗಳು ಸೇರುವ ಚಾನೆಲ್ಲಿನ) ಒಂದು ಮೊನೊ ಪ್ರತಿಯನ್ನು ಪಿಯಾನೊ ಚಾನೆಲ್ಲಿಗೆ ಕಳಿಸಿ. ಎರಡೂವರೆ ಮೀಟರ್ ದೂರಕ್ಕೆ ಸರಿಯಾಗಿ 7 ಮಿಲಿಸೆಕೆಂಡ್ ತಡ ಕೊಡಿ, 5 ಕಿಲೊಹರ್ಟ್ಸ್ ಮೇಲಿನದನ್ನು ತಗ್ಗಿಸಿ, ಮಟ್ಟ ಪಿಯಾನೊಗಿಂತ 20 ಡೆಸಿಬೆಲ್ ಕೆಳಗಿರಲಿ. ಮುಖ್ಯ ಸೂಕ್ಷ್ಮ ಇದು: ಈ ಸೋರಿಕೆ ಪಿಯಾನೊದ ಟೇಪ್ ಮತ್ತು ಕಂಪ್ರೆಸರ್‌ಗಿಂತ ಮೊದಲೇ ಸೇರಬೇಕು. ಪಿಯಾನೊ ಜೋರಾದಾಗ ಕಂಪ್ರೆಸರ್ ಒತ್ತುತ್ತದೆ, ಸೋರಿದ ಸಿಂಬಲ್ ಸದ್ದೂ ಜೊತೆಗೇ ಕುಗ್ಗುತ್ತದೆ, ಸ್ವರ ಆರುತ್ತಿದ್ದಂತೆ ಮತ್ತೆ ತಲೆ ಎತ್ತುತ್ತದೆ. ಎರಡು ವಾದ್ಯ ಒಂದೇ ಗಾಳಿಯಲ್ಲಿವೆ ಎಂದು ಕಿವಿ ನಂಬುವುದು ಆ ಉಸಿರಾಟದಿಂದ. ಕೊನೆಯ ಮಿಕ್ಸಿನಲ್ಲಿ ಸೇರಿಸಿದರೆ ಇದು ಆಗುವುದಿಲ್ಲ. ಡ್ರಮ್ಸ್ ಟ್ರ್ಯಾಕ್ ತಾಳಕ್ಕೆ ಗೆರೆ ಎಳೆದಂತೆ ಕೂರಿಸಿದ್ದಾಗಿದ್ದರೆ ಮಾತ್ರ ಸೋರಿಕೆ ಫ್ಲ್ಯಾಮ್‌ನಂತೆ, ಅಂದರೆ ಒಂದೇ ಹೊಡೆತ ಎರಡಾದಂತೆ ಕೇಳಬಹುದು, ಆಗ ಮಟ್ಟವನ್ನು ಇನ್ನೂ 4 ಡೆಸಿಬೆಲ್ ಇಳಿಸಿ.

ಎರಡನೇ ಕೊರತೆ ವಾದ್ಯದ್ದೇ. ಮಧ್ಯ ಸಿಯ ಮೇಲಿನ ಎರಡನೇ ಸ್ಥಾಯಿಯಲ್ಲಿ, ಈಕ್ಯೂ, ಟೇಪು ಯಾವುದೂ ಇಲ್ಲದೆ ಕೇಳಿದರೆ, ಸ್ವರದ ಆರಂಭ ಅತಿ ನುಣುಪು, ಗಾಜಿನ ಹೊಳಪು. ಮರ, ಫೆಲ್ಟ್, ಕೀ ತಳ ಮುಟ್ಟುವ ಸದ್ದು ಒಳ್ಳೆಯ ಸ್ಯಾಂಪಲ್ ಲೈಬ್ರರಿಯಲ್ಲಿ ಇರುವಷ್ಟು ಸಹಜವಾಗಿಲ್ಲ. ಹ್ಯಾಮರ್ ನಾಯ್ಸ್, ಕೀ ರಿಲೀಸ್ ನಾಯ್ಸ್ ಎರಡನ್ನೂ ಏರಿಸಿದರೆ ಸ್ವಲ್ಪ ಸುಧಾರಿಸುತ್ತದೆ. ಆಧುನಿಕ, ಬರಿಯ ಸೋಲೊ ಪಿಯಾನೊ ಧ್ವನಿಮುದ್ರಣಕ್ಕೆ ಇದು ಗಂಭೀರ ಕೊರತೆ. ನಮ್ಮ ಕೆಲಸಕ್ಕೆ ಅಷ್ಟಾಗಿ ತಟ್ಟುವುದಿಲ್ಲ, ಏಕೆಂದರೆ ಆ ಹೊಳಪಿರುವ ಭಾಗವನ್ನೇ ಟೇಪು ಮತ್ತು ಈಕ್ಯೂ ತೆಗೆದುಹಾಕುತ್ತವೆ. ಪಿಯಾನೊಟೆಕ್ ಇಷ್ಟವಿಲ್ಲ ಎನ್ನುವವರೂ ಈ ಸರಪಳಿಯ ನಂತರ ಕೇಳಬೇಕು.

ಕೊಲಂಬಿಯಾ, ಮತ್ತು ಅದಕ್ಕೂ ಹಿಂದೆ

ಮ್ಯಾನ್‌ಹ್ಯಾಟನ್‌ನ 30ನೇ ಬೀದಿಯಲ್ಲಿದ್ದ ಕೊಲಂಬಿಯಾ ಸ್ಟುಡಿಯೊ ಹಿಂದೆ ಚರ್ಚ್ ಆಗಿದ್ದ ಕಟ್ಟಡ. ಎತ್ತರದ ಚಾವಣಿ, ಉದಾರವಾದ ಅನುರಣನ. ಅಲ್ಲಿನ ಪಿಯಾನೊಗೆ ಮೇಲಿನ ವಿಧಾನ ಹೊಂದುವುದಿಲ್ಲ. ನ್ಯೂಯಾರ್ಕ್ ಡಿ ತೆಗೆದುಕೊಂಡು, ಮುಚ್ಚಳ ಪೂರ್ತಿ ತೆರೆದು, ಮೈಕನ್ನು ಅಂಚಿನಿಂದ ಒಂದು ಮೀಟರ್ ಹೊರಗೆ ನಿಲ್ಲಿಸಿ. ಹ್ಯಾಮರನ್ನು ಎಲ್ಲ ಹಂತದಲ್ಲೂ ಒಂದಿಷ್ಟು ಮೃದು ಮಾಡಿ, 400 ಹರ್ಟ್ಸ್ ಉಬ್ಬನ್ನು ತೆಗೆಯಿರಿ, ಎರಡು ಸೆಕೆಂಡಿನ ಚೇಂಬರ್ ಹಾಕಿ. ಕಂಪ್ರೆಸರ್ ಹೆಸರಿಗಷ್ಟೇ ಇರಲಿ. ಬಿಲ್ ಇವಾನ್ಸ್ ಅವರಂತೆ ತೆಳುವಾಗಿ ಹರಡಿದ ಕಾರ್ಡ್‌ಗಳಿಗೆ ಉಸಿರಾಡುವ ಜಾಗ ಸಿಗುವುದು ಇದರಲ್ಲಿ.

1959ರಲ್ಲಿ ಅಲ್ಲಿ ಧ್ವನಿಮುದ್ರಣವಾದ ಮೈಲ್ಸ್ ಡೇವಿಸ್ ಅವರ ‘ಕೈಂಡ್ ಆಫ್ ಬ್ಲೂ’ ಜೊತೆ ನುಡಿಸಿ ಹೋಲಿಸುವವರು ಒಂದು ವಿಷಯ ತಿಳಿದಿರಲಿ. ಮೊದಲ ಬದಿಯ ಧ್ವನಿಮುದ್ರಣದ ದಿನ ಟೇಪ್ ಯಂತ್ರ ಸ್ವಲ್ಪ ನಿಧಾನವಾಗಿ ಓಡುತ್ತಿತ್ತು, ಆಮೇಲೆ ಅದನ್ನು ಸರಿಯಾದ ವೇಗದಲ್ಲಿ ಓಡಿಸಿದ್ದರಿಂದ ಹಳೆಯ ಎಲ್‌ಪಿ ತಟ್ಟೆಗಳಲ್ಲಿ ಆ ಬದಿಯ ಶ್ರುತಿ ಏರಿದೆ. 1990ರ ದಶಕದ ಮರುಮುದ್ರಣಗಳಲ್ಲಿ ಅದು ಸರಿಯಾಯಿತು. ನಿಮ್ಮಲ್ಲಿರುವುದು ಹಳೆಯ ಪ್ರತಿಯಾದರೆ ಪಿಯಾನೊಟೆಕ್‌ನ ಡಯಾಪೇಸನ್ (ಮೂಲ ಶ್ರುತಿ) ಅಂಕಿಯನ್ನು 440ರಿಂದ ಕಿವಿಗೆ ಕೂಡುವವರೆಗೆ ಮೇಲಕ್ಕೆ ಸರಿಸಿ, ಕೆಲಸ ಮುಗಿದ ಮೇಲೆ ಮರೆಯದೆ ಹಿಂದಕ್ಕೆ ತನ್ನಿ.

1930ರ ದಶಕದ ನಾದಕ್ಕೆ ಪಿಯಾನೊಟೆಕ್‌ನ ಯು4 ಅಪ್‌ರೈಟ್ (ನೆಟ್ಟಗೆ ನಿಲ್ಲುವ ಪಿಯಾನೊ) ಅಥವಾ ಸ್ಟೈನ್‌ವೇ ಬಿ, ಎರಡು ಮೀಟರ್ ದೂರದಲ್ಲಿ ಒಂದು ಮೈಕ್. ಅದರ ದಿಕ್ಕಿನ ಗುಣ ‘8’ರ ಆಕಾರದ್ದಿರಲಿ (ಮುಂದಿನ, ಹಿಂದಿನ ಸದ್ದನ್ನು ಹಿಡಿದು ಪಕ್ಕದ್ದನ್ನು ಬಿಡುವಂಥದ್ದು), ಆಗಿನ ಆರ್‌ಸಿಎ 44 ರಿಬ್ಬನ್ ಮೈಕ್ ಹಾಗೆಯೇ ಇತ್ತು. ಪಿಯಾನೊಟೆಕ್‌ನ ಇಂಪೀಡೆನ್ಸ್ ಸ್ಲೈಡರ್ ತಗ್ಗಿಸಿದರೆ ಸ್ವರ ಬೇಗ ಆರುತ್ತದೆ, ಮಂದ್ರದ ಸ್ವರಕ್ಕೂ ಮಧ್ಯದ ಕಾರ್ಡಿಗೂ ಜಿಗಿಯುತ್ತಿರುವ ಸ್ಟ್ರೈಡ್ ಶೈಲಿಯ ಎಡಗೈಗೆ ಅದು ಹಿತ. 100 ಹರ್ಟ್ಸ್‌ನಿಂದ 5500 ಹರ್ಟ್ಸ್‌ವರೆಗೆ ಮಾತ್ರ ಉಳಿಸಿಕೊಳ್ಳಿ.

ತಟ್ಟೆಯ ತೂಗಾಟ ಬೇಕೆನಿಸಿದರೆ ಅದನ್ನು ಮನಸ್ಸಿಗೆ ಬಂದ ವೇಗದಲ್ಲಿ ಹಾಕಬೇಡಿ. ನಿಮಿಷಕ್ಕೆ 78 ಸುತ್ತಿನ ತಟ್ಟೆ ಸೆಕೆಂಡಿಗೆ 1.3 ಬಾರಿ ತಿರುಗುತ್ತದೆ, ಎಲ್‌ಪಿ 0.56 ಬಾರಿ. ನಡುವಿನ ರಂಧ್ರ ಅರ್ಧ ಮಿಲಿಮೀಟರ್ ಸರಿದಿದ್ದರೆ 12 ಸೆಂಟಿಮೀಟರ್ ತ್ರಿಜ್ಯದಲ್ಲಿ ಸ್ವರ 7 ಸೆಂಟ್ಸ್ (ಒಂದು ಸೆಂಟ್ ಎಂದರೆ ಅರ್ಧಸ್ವರದ ನೂರನೇ ಒಂದು ಪಾಲು) ಮೇಲೆ ಕೆಳಗೆ ಆಡುತ್ತದೆ, 6 ಸೆಂಟಿಮೀಟರಿಗೆ ಬಂದಾಗ 14. ಗಮಕವಿಲ್ಲದ ವಾದ್ಯವಾದ್ದರಿಂದ ಪಿಯಾನೊದಲ್ಲಿ ಇಷ್ಟೂ ಎದ್ದು ಕೇಳುತ್ತದೆ, 5 ಸೆಂಟ್ಸ್ ಸಾಕು. ಇದು ತಟ್ಟೆಯ ದೋಷ, ಸ್ಟುಡಿಯೊದ್ದಲ್ಲ. ಹಾಕಿದರೆ ಇಡೀ ಮಿಕ್ಸಿಗೆ ಹಾಕಬೇಕು, ಪಿಯಾನೊ ಒಂದಕ್ಕೇ ಹಾಕಿ ಬಾಸ್ ನೆಟ್ಟಗೆ ನಿಂತರೆ ಕೇಳಲಾಗುವುದಿಲ್ಲ.

ಕೊಳ್ಳುವ ಮುಂಚೆ ಟ್ರಯಲ್ ಹಾಕಿಕೊಳ್ಳಿ. ಅದು 20 ನಿಮಿಷಕ್ಕೆ ನಿಲ್ಲುತ್ತದೆ, ಕೆಲವು ಕಪ್ಪು ಕೀಗಳು ನುಡಿಯುವುದಿಲ್ಲ. ಹಾಗಾಗಿ ಬ್ಲಾಕ್ ಕಾರ್ಡ್ ಪರೀಕ್ಷೆಯನ್ನು ಸಿ ಮೇಜರಿನಲ್ಲಿ ಬಿಳಿ ಕೀಗಳ ಮೇಲೆಯೇ ಮಾಡಿ, ಬಫರನ್ನು (ಕಂಪ್ಯೂಟರ್ ಒಮ್ಮೆಗೆ ಲೆಕ್ಕ ಹಾಕಿ ಕಳಿಸುವ ಸದ್ದಿನ ತುಂಡನ್ನು) 128 ಸ್ಯಾಂಪಲ್‌ನಲ್ಲಿ ಇಟ್ಟು ಪೆಡಲ್ ಒತ್ತಿ ದಟ್ಟವಾಗಿ ನುಡಿಸಿ ನೋಡಿ. ಪಟಪಟ ಸದ್ದು ಬಂದರೆ ಅದು ಪಿಯಾನೊದ ನಾದದಲ್ಲಿನ ದೋಷವಲ್ಲ, ಪ್ರೊಸೆಸರ್ ಲೆಕ್ಕ ಮುಗಿಸಲು ಹೆಣಗುತ್ತಿದೆ ಎಂದರ್ಥ: ಬಫರನ್ನು 256ಕ್ಕೆ ಏರಿಸಿ, ಇಲ್ಲವೇ ಪಾಲಿಫೊನಿ (ಒಟ್ಟಿಗೆ ನುಡಿಯಬಹುದಾದ ಸ್ವರಗಳ ಮಿತಿ) ತಗ್ಗಿಸಿ.